ಊರಬಾಗಿಲಲ್ಲಿ ನಿಂತ ಬಸ್ಯಾ

ಅಪ್ಪಾ,

ಇವತ್ತು ಬೆಳಿಗ್ಗೆ ಬಸ್ಯಾ ತಾನಾಗಿಯೇ ನಡೆದ. ಕೈಯಲ್ಲಿ ಹಿಡಿದು ಆಡುವ ವಿಡಿಯೋ ಆಟದ ಯಂತ್ರವನ್ನು ಆನ್ ಮಾಡಿ ನಿನ್ನ ಕುರ್ಚಿಯ ಮೇಲಿಟ್ಟು ಬಟ್ಟೆ ಒಣಹಾಕಲು ಹೋಗಿದ್ದೆ. ಬಂದು ನೋಡಿದರೆ ಪರದೆಯ ಊರಬಾಗಿಲಲ್ಲಿ ಇರಬೇಕಾದವನು ಅಲ್ಲಿರಲಿಲ್ಲ. ಬೆನ್ನಿಗೆ ಕತ್ತಿ ಕಟ್ಟಿಕೊಂಡು, ಯಾರೂ ಮುಟ್ಟದೆ, ಎಡಕ್ಕೆ, ಬಾವಿ ದಾಟಿ ಕಾಡಿನ ಕಡೆಗೆ ನಿಧಾನವಾಗಿ ಹೋಗುತ್ತಿದ್ದ. ನೀನು ದಿನಾ ಕರೆದುಕೊಂಡು ಹೋಗುತ್ತಿದ್ದ ದಾರಿಯಲ್ಲೇ.

ಚಹಾ ಹಿಡಿದು ಬಂದ ಅವ್ವ ನನ್ನ ಹಿಂದೆ ನಿಂತಳು. "ನೀ ಒತ್ತಾಕತ್ತಿಲ್ಲಲ್ಲ?" ಅಂದಳು. ಇಲ್ಲ ಅಂದೆ. "ಮತ್ತ ಯಾರು ನಡಸಾಕತ್ತಾರ?" ಅಂದವಳು ಲೋಟವನ್ನು ನೆಲದ ಮೇಲಿಟ್ಟು ಒಳಗೆ ಹೋದಳು.

ನೀನು ಗಿರಣಿಯಿಂದ ನಿವೃತ್ತನಾದ ವಾರ ನೆನಪಿದೆಯಾ? ಶಿಫ್ಟಿನ ಹೊತ್ತಿಗೆ ಎದ್ದು, ಹಲ್ಲುಜ್ಜಿ, ಅಂಬೇವಾಡಿಯ ಬೀದಿಯನ್ನು ನೋಡುತ್ತಾ ಸುಮ್ಮನೆ ಕೂತಿರುತ್ತಿದ್ದೆ. ನೋಡಲಾಗದೆ ನಾನು ನನ್ನ ಹಳೆಯ ಯಂತ್ರವನ್ನು ನಿನಗೆ ಕೊಟ್ಟೆ. ಅದರಲ್ಲಿದ್ದದ್ದು ಒಂದು ಜಪಾನಿ ಆಟ. ನಾಯಕನೊಬ್ಬ ಊರಿಂದೂರಿಗೆ ಅಲೆಯುತ್ತಾ, ಮೃಗಗಳ ಜೊತೆ ಕಾದಾಡುತ್ತಾ ದೊಡ್ಡ ಕಥೆಯೊಂದನ್ನು ದಾಟುವ ಆಟ. ಒಬ್ಬರ ಆಟವನ್ನಷ್ಟೇ ಅದು ಉಳಿಸಿಕೊಳ್ಳುತ್ತಿತ್ತು. ಮುಗಿದಿದ್ದ ನನ್ನದನ್ನು ಅಳಿಸಿ ಕೊಟ್ಟೆ. ನಾಯಕನಿಗೆ ಜಪಾನಿ ಹೆಸರೊಂದಿತ್ತು. ನೀನು ಅವನನ್ನು ಬಸ್ಯಾ ಅಂದೆ. ವಿಷದ ಹಾವು ಕಚ್ಚಿ ಪರದೆ ನೇರಳೆ ಬಣ್ಣಕ್ಕೆ ತಿರುಗಿದಾಗ, "ಏ ತಂಗೀ, ಬಸ್ಯಾಗ ಜ್ವರಾ ಬಂದಾವು, ಔಷಧ ಎಲ್ಲಿ ಇಟ್ಟೀ?" ಎಂದು ಇಡೀ ಓಣಿಗೆ ಕೇಳುವಂತೆ ನನ್ನನ್ನು ಕೂಗಿದೆ.

ನಾನು ಜಪಾನಿನ ಅನಿಮೆ ಕಾರ್ಟೂನ್ ನೋಡುವಾಗ ನೀನು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದೆ. ಒಮ್ಮೆ ಅದರ ನಾಯಕ ಛತ್ರಿ ಹಿಡಿದು ನಿಂತಿದ್ದ, ಎದುರಿಗಿದ್ದ ಹುಡುಗಿಯ ಕಣ್ಣು ತುಂಬಿತ್ತು, ಅವನು ಹವಾಮಾನದ ಬಗ್ಗೆ ಮಾತಾಡುತ್ತಿದ್ದ. "ಕಣ್ಣು ನೋಡು, ಗಾಡಿ ಹೆಡ್‌ಲೈಟ್ ಇದ್ದಂಗ ಅದಾವು. ಎದುರಿಗಿದ್ದಾಕಿ ಅಳೂದು ಮಾತ್ರ ಕಾಣಸೂದಿಲ್ಲ ಇವಂಗ" ಅಂದೆ ನೀನು. ಯಾರಾದರೂ ಉಣ್ಣುವ ದೃಶ್ಯ ಬಂದರೆ ಮಾತ್ರ ಒಳಗೆ ಬಂದು ಕೂರುತ್ತಿದ್ದೆ. "ಹಬೆ ಚೊಲೋ ತಗದಾರ. ಉಣ್ಣೂದು ತೋರಸಾಕ ಬರ್ತೈತಿ ಇವರಿಗೆ." ನಾನು ನಗಲಿಲ್ಲ. ಇಯರ್‌ಫೋನ್ ಇನ್ನೊಂದು ಕಿವಿಗೂ ಹಾಕಿಕೊಂಡೆ.

ಬಾಯಿಬಿಟ್ಟು ಒಂದು ವಾಕ್ಯ ಮುಗಿಸಲಾರದ ನಿನ್ನ ಮಗಳು ಫೋನಿನಲ್ಲಿ ಏನು ಮಾಡುತ್ತಿದ್ದಳು ಎಂದು ನಿನಗೆ ಗೊತ್ತಿರಲಿಲ್ಲ. ಇಂಥ ಆಟ, ಅನಿಮೆಗಳ ಅಭಿಮಾನಿಗಳ ಒಂದು ಗುಂಪಿತ್ತು. ಅಲ್ಲಿ ನನಗೆ ಮುಖವೂ ಇರಲಿಲ್ಲ, ಹೆಸರೂ ಇರಲಿಲ್ಲ, ಅಭಿಪ್ರಾಯಗಳು ಮಾತ್ರ ಬೇಕಾದಷ್ಟಿದ್ದವು. ಡಬ್ಬಿಂಗ್ ನೋಡುವವರು ಅರ್ಧ ಮಾತ್ರ ನೋಡಿದವರು ಅಂದೆ. ಮೊದಲ ಊರಿನಲ್ಲೇ ಸುತ್ತಿ, ಅದೇ ಮೃಗಗಳನ್ನು ಹೊಡೆದು ಬಲ ಹೆಚ್ಚಿಸಿಕೊಳ್ಳುವವರ ಬಗ್ಗೆ ಉದ್ದಕ್ಕೆ ಬರೆದೆ: ಕಥೆಯೇ ಆಟದ ಜೀವ, ಕಥೆ ಓದಲಾರದವರು ಕತ್ತಿ ಬೀಸುತ್ತಾರೆ. ಬಹಳ ಜನ ಮೆಚ್ಚಿದರು. ಅದನ್ನು ಬರೆಯುವಾಗ ಗೋಡೆಯ ಆಚೆ ನಿನ್ನ ಯಂತ್ರದಿಂದ ಕತ್ತಿಯ ಸದ್ದು ಕೇಳುತ್ತಲೇ ಇತ್ತು. ಕನ್ನಡ, ಮರಾಠಿ ಎರಡನ್ನೂ ಸರಾಗವಾಗಿ ಓದುತ್ತಿದ್ದ ನಿನಗೆ ಆ ಪರದೆಯ ಇಂಗ್ಲಿಷ್ ಮಾತ್ರ ಓದಲು ಬರುತ್ತಿರಲಿಲ್ಲ. ಅದು ನನಗೆ ಗೊತ್ತಿರಲಿಲ್ಲವೆ?

ಈಗ ಹೇಳಬೇಕಾದ್ದು ಹೇಳುತ್ತೇನೆ. ಆಟ ಶುರುಮಾಡಿದ ಮೂರನೆಯ ದಿನವೋ ನಾಲ್ಕನೆಯ ದಿನವೋ ನೀನು ಯಂತ್ರ ಹಿಡಿದು ನನ್ನ ಹತ್ತಿರ ಬಂದೆ. "ಊರ ಬಾಗಲದಾಗಿನ ಮುದುಕ ಏನೋ ಕೇಳಾಕತ್ತಾನ. ಏನಂತ ನೋಡವಾ." ನಾನು ಗುಂಪಿನಲ್ಲಿ ಯಾರಿಗೋ ಉತ್ತರ ಬರೆಯುತ್ತಿದ್ದೆ. ತಲೆ ಎತ್ತಲಿಲ್ಲ. "ಕೆಳಗಿಂದು ಒತ್ತು. ಬ್ಯಾಡ ಅಂತ" ಅಂದೆ. ನೀನು ಒತ್ತಿದೆ. ಮುದುಕ ಸರಿದು ನಿಂತ. ಬಸ್ಯಾ ಮತ್ತೆ ಕಾಡಿಗೆ ಹೋದ. ಅಲ್ಲಿಂದ ಎರಡು ವರ್ಷ ಅದೇ ಊರು, ಅದೇ ಕಾಡು.

ನಾನು ಒಮ್ಮೆಯಾದರೂ ಇಣುಕಿ ನೋಡಬಹುದಿತ್ತು. ಧಾರವಾಡದ ಆಸ್ಪತ್ರೆಗೆ ಹೊರಟ ದಿನವೂ ಕಾರಿನ ಬಾಗಿಲು ಹಿಡಿದು ನೀನು ಅವನದೇ ಸುದ್ದಿ ಹೇಳಿದೆ. "ಬಸ್ಯಾನ್ನ ಬಾಗಲದಾಗ ನಿಂದರಿಸೇನಿ. ಬಂದ ಮ್ಯಾಲ ನೋಡೂಣು."

ನೀನು ಬರಲಿಲ್ಲ. ಆರು ತಿಂಗಳು ನಾನು ಯಂತ್ರವನ್ನು ಮುಟ್ಟಲಿಲ್ಲ. ಮುಟ್ಟಿದ ದಿನ ಬಸ್ಯಾ ಹೇಳಿದ ಜಾಗದಲ್ಲೇ ನಿಂತಿದ್ದ. ಬಲದ ಹನ್ನೆರಡನೆಯ ಹಂತಕ್ಕೇ ಎಲ್ಲರೂ ಬಿಟ್ಟು ಹೋಗುವ ಊರಿನಲ್ಲಿ ಅವನು ಅರವತ್ತೊಂದನೆಯ ಹಂತ ತಲುಪಿದ್ದ. ಅಲ್ಲಿನ ಹಾವು ಕಪ್ಪೆಗಳನ್ನು ಎಷ್ಟು ಸಾವಿರ ಸಲ ಹೊಡೆದಿರಬೇಕು ನೀನು! "ಬೇಜಾರಾಗೂದಿಲ್ಲೇನು?" ಎಂದು ಅವ್ವ ಕೇಳಿದಾಗ, "ಒಂದ ಮಷೀನ್ ಮುಂದ ಮೂವತ್ತು ವರ್ಷ ನಿಂತಾಂವಗ ಇದೇನ ಬೇಜಾರು" ಎಂದಿದ್ದೆಯಲ್ಲ.

ಹೋದ ವಾರದಿಂದಲೇ ಅವನು ಹೆಜ್ಜೆ, ಅರ್ಧ ಹೆಜ್ಜೆ ಎಡಕ್ಕೆ ಜಾರಲು ಶುರುಮಾಡಿದ್ದ. ಯಂತ್ರವನ್ನು ಇಬ್ರಾಹಿಂ ಚಾಚಾನ ಮಗನ ಮೊಬೈಲ್ ಅಂಗಡಿಗೆ ಒಯ್ದೆ. ನಿನ್ನ ಜೊತೆ ಶಿಫ್ಟ್ ಮಾಡುತ್ತಿದ್ದ ಚಾಚಾ ಈಗ ದಿನಾ ಅಲ್ಲೇ ಕೂರುತ್ತಾನೆ. ಮಗ ತಿರುಗಿಸಿ ನೋಡಿ, "ಅಕ್ಕಾ, ಎಡಗಡೆ ಒತ್ತಿ ಒತ್ತಿ ಬೆರಳಿಲೆ ನಡಸೂ ಸ್ಟಿಕ್ ಸವದೈತಿ. ಬ್ಯಾರೇದು ಹಾಕಿದ್ರ ಸುಮ್ಮನ ನಿಲ್ಲತಾನ" ಅಂದ. ಚಾಚಾ ನಕ್ಕ. "ಬೇಟಿ, ನಿಮ್ಮಪ್ಪ ನನ್ನ ಮುಂದ ಹೇಳಾಂವ. ಒಬ್ಬ ಮುದುಕ ದಿನಾ ಏನೋ ಕೇಳ್ತಾನ, ನಾ ದಿನಾ ಬ್ಯಾಡ ಅಂತೇನಿ ಅಂತ. ಏನ್ ಕೇಳ್ತಾನೋ ಮಾರಾಯಾ ಅಂತ ನಾ ಅಂದ್ರ, ಗೊತ್ತಿಲ್ಲೋ, ನನ್ನ ಮಗಳು ಬ್ಯಾಡ ಅನ್ನು ಅಂದಾಳ, ಆಕಿ ಎಲ್ಲಾ ಓದ್ಯಾಳ ಅಂತಿದ್ದ."

ಸ್ಟಿಕ್ ಬದಲಾಯಿಸದೆ ಯಂತ್ರವನ್ನು ಕಸಿದುಕೊಂಡಂತೆ ಎತ್ತಿಕೊಂಡು ಬಂದೆ.

ಆ ಮುದುಕ ಕೇಳುತ್ತಿದ್ದದ್ದು ಇಷ್ಟೇ ಅಪ್ಪಾ. ಈ ಬಾಗಿಲು ದಾಟಿದರೆ ಮತ್ತೆ ಈ ಊರಿಗೆ ಮರಳಲು ಆಗುವುದಿಲ್ಲ, ಹೊರಡುತ್ತೀಯಾ? ಮೇಲಿನದು ಹೌದು, ಕೆಳಗಿನದು ಬೇಡ. ಹೌದು ಅಂದರೆ ಆಟ ನೀನು ಉಳಿಸಿದ್ದರ ಮೇಲೆಯೇ ಹೊಸ ಜಾಗವನ್ನು ಬರೆದುಕೊಳ್ಳುತ್ತದೆ. ನೀನು ನಿಲ್ಲಿಸಿ ಹೋದ ಬಸ್ಯಾ ಅಲ್ಲಿಗೆ ಅಳಿಸಿಹೋಗುತ್ತಾನೆ. ಅದಕ್ಕೇ ನಾನು ಪ್ರತಿದಿನ ಆನ್ ಮಾಡಿ, ಅವನು ನಿಂತಿದ್ದಾನೆ ಎಂದು ನೋಡಿ, ಆಫ್ ಮಾಡುತ್ತಿದ್ದೆ. ನಾನೂ ಬ್ಯಾಡ ಅನ್ನುತ್ತಲೇ ಇದ್ದೆ. ಅವನನ್ನು ನಿಲ್ಲಿಸಿಕೊಂಡಿದ್ದು ನಿನಗಾಗಿಯೋ, ನನಗಾಗಿಯೋ?

ನೀನು ಕೇಳದೇ ಹೋದ ಸುದ್ದಿ ಒಂದಿದೆ. ಹೆಡ್‌ಲೈಟಿನ ಕಣ್ಣುಗಳ ಬಗ್ಗೆ ನೀನು ಆಡಿದ ಮಾತನ್ನು ಗುಂಪಿನಲ್ಲಿ ಹಾಕಿದೆ. ನಾನು ಬರೆದ ಯಾವುದಕ್ಕೂ ಅಷ್ಟು ಜನ ನಕ್ಕಿರಲಿಲ್ಲ. ಯಾರ ಮಾತಿದು ಎಂದು ಕೇಳಿದರು. ಅಪ್ಪನದು ಎಂದು ಬರೆದೆ. ಇನ್ನೂ ಏನೇನು ಹೇಳುತ್ತಾರೆ ಎಂದರು. ಫೋನನ್ನು ಮಗುಚಿಟ್ಟೆ.

ಬಾಗಿಲಿನ ಆಚೆ ಒಂದು ಬಂದರು ಇದೆ. ಹಡಗಿನವರೆಲ್ಲ ಸಾಲಾಗಿ ಕೂತು ಬಿಸಿಬಿಸಿ ಗಂಜಿ ಉಣ್ಣುತ್ತಿರುತ್ತಾರೆ. ಹಬೆಯನ್ನು ಚೆನ್ನಾಗಿ ಬಿಡಿಸಿದ್ದಾರೆ. ಅಲ್ಲಿಂದ ಮುಂದೆ ಬಹಳ ದೂರದವರೆಗೆ ಅರವತ್ತೊಂದನೆಯ ಹಂತದವನನ್ನು ಯಾವ ಮೃಗವೂ ಏನೂ ಮಾಡಲಾರದು. ಅಷ್ಟು ಬಲ ಕೊಟ್ಟಿದ್ದೀಯ ನೀನು.

ನಾಳೆ ಚಹಾ ಆದಮೇಲೆ ನಿನ್ನ ಕುರ್ಚಿಯಲ್ಲಿ ಕೂರುತ್ತೇನೆ. ಮುದುಕನ ಮಾತನ್ನು ನಮ್ಮ ಮಾತಿನಲ್ಲೇ, ಒಳಗಿರುವ ಅವ್ವನಿಗೂ ಕೇಳುವಷ್ಟು ಗಟ್ಟಿಯಾಗಿ ಓದುತ್ತೇನೆ: "ಹೋದ್ರ ಮತ್ತ ಈ ಊರಿಗೆ ಬರಾಕ ಆಗೂದಿಲ್ಲ. ಹೊಂಟಿಯೇನ?" ಆಮೇಲೆ ಮೇಲಿನದನ್ನು ಒತ್ತುತ್ತೇನೆ. ಮುಂದೆ ಯಾರು ಏನು ಮಾತಾಡಿದರೂ ಒಂದೂ ಬಿಡದೆ ಓದಿ ಹೇಳುತ್ತೇನೆ.

ಸ್ಟಿಕ್ ಬದಲಾಯಿಸುವುದಿಲ್ಲ. ಅವನು ಎಡಕ್ಕೆ ಎಳೆದಾಗಲೆಲ್ಲ ಬೆರಳು ತೆಗೆದು, ಸ್ವಲ್ಪ ದೂರ ಹೋಗಲು ಬಿಡುತ್ತೇನೆ.