ಮಂಟಪದ ಹದಿನಾಲ್ಕು ಬಾವಲಿಗಳು

ವರ್ತೂರು
ಜನವರಿ ೪, ಭಾನುವಾರ

ವೇಣಿ, ನನ್ನ ಕಂದ,

ಆ ಕಾಡಿನಲ್ಲಿ ಕಲ್ಲೇಶ್ವರ ನಿನ್ನ ಬೆನ್ನಿಗಿರಲಿ. ಇವತ್ತು ನೀನು ಗುಡ್ಡ ಹತ್ತಿ ಮೂರು ಸಲ ಫೋನು ಮಾಡಿದೆ. ನಾನು ಅದರ ಮುಂದೆಯೇ ಕೂತಿದ್ದೆ, ಎತ್ತಲಿಲ್ಲ. ಹೋದ ಭಾನುವಾರ ಎತ್ತಿ ಸುಳ್ಳು ಹೇಳಿದ್ದೆ. ಬಾವಲಿಗಳು ಹೇಗಿವೆಯಮ್ಮ ಅಂತ ಕೇಳಿದೆ. ಅವಕ್ಕೇನು, ಚೆನ್ನಾಗವೆ ಅಂದೆ. ಅಷ್ಟು ಹೊತ್ತಿಗೆ ಅವು ಸತ್ತು ಎರಡು ದಿನವಾಗಿತ್ತು. ಬಾಯಲ್ಲಿ ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ಏಳನೇ ಕ್ಲಾಸಿನ ಅಕ್ಷರ, ತಪ್ಪಿದ್ದ ಕಡೆ ಹೊಂದಿಸಿಕೊಂಡು ಓದು.

ಗುಡಿಯ ಹಿಂದಿನ ಕಲ್ಲುಮಂಟಪ ಕೆಡವಿ ಗ್ರಾನೈಟು ಹಾಕಿಸಬೇಕು ಅಂತ ಪಾಪಯ್ಯಣ್ಣ ಎಷ್ಟು ವರ್ಷದಿಂದ ಕಾಯುತ್ತಿದ್ದ ಅಂತ ನಿನಗೆ ಗೊತ್ತು. ಗುಡಿ ಕಮಿಟಿಯ ಅಧ್ಯಕ್ಷ, ಅವನ ಮಾತೇ ನಡೆಯುವುದು. ನೀನು ಹೋಗಿ ಕೈ ಮುಗಿದು ಕೇಳಿಕೊಂಡೆ. ಹೂಡಿಯಿಂದ ಇಲ್ಲಿಯವರೆಗೆ ಹಳೇ ಗುಡಿಗಳನ್ನೆಲ್ಲ ಹುಡುಕಿದ್ದೀನಿ, ಈ ಜಾತಿಯ ಬಾವಲಿ ಉಳಿದಿರುವುದು ಈ ಮಂಟಪದ ಸಂದಿನಲ್ಲಿ ಮಾತ್ರ, ಹದಿನಾಲ್ಕೇ ಹದಿನಾಲ್ಕು, ನನ್ನ ಓದೆಲ್ಲ ಇವುಗಳ ಮೇಲೆ ನಿಂತಿದೆ ಅಂದೆ. ಅವನು ನನ್ನ ಕಡೆ ತಿರುಗಿ, "ಏನಮ್ಮ ರತ್ನಕ್ಕ, ಊರಲ್ಲಿ ಹೆಣ್ಮಕ್ಳು ಗಂಡು ಹುಡುಕ್ತವೆ, ನಿನ್ ಮಗಳು ಬಾವಲಿ ಹುಡುಕ್ತಾಳಲ್ಲ" ಅಂದ. "ಬಾವಲಿ ವರದಕ್ಷಿಣೆ ಕೇಳಲ್ಲ ಬಿಡಣ್ಣ" ಅಂದೆ ನಾನು. ಅವನೂ ನಕ್ಕ. ಬಾವಲಿ ಇರುವವರೆಗೂ ಮಂಟಪ ಮುಟ್ಟುವುದಿಲ್ಲ ಅಂತ ಒಪ್ಪಿಕೊಂಡ. ನೋಡಿಕೊಳ್ಳುವ ಜವಾಬ್ದಾರಿ ನನ್ನದು ಅಂತ ದೇವರ ಮುಂದೆ ನಾನೇ ಹೇಳಿದೆ.

ಡಿಸೆಂಬರಿನಲ್ಲಿ ಈ ಸಲ ಸಿಕ್ಕಾಪಟ್ಟೆ ಚಳಿ. ಗುಡಿಯ ನೆಲ ಹಾಕಲು ಸಿಂಧನೂರು ಕಡೆಯ ಮಡಿವಾಳಪ್ಪ ಬಂದಿದ್ದ. ಗುರುವಾರ ಸಂಜೆ ಪಾಪಯ್ಯಣ್ಣ, "ಮಂಟಪದ ಕಂಬ ತೊಳೆಯೋದಕ್ಕಾದ್ರೂ ಬಿಡ್ತೀಯೋ, ಅದಕ್ಕೂ ಮಗಳ ಅಪ್ಪಣೆ ಬೇಕೋ" ಅಂದ. ಧನುರ್ಮಾಸ, ದೇವರ ಜಾಗ ಚೊಕ್ಕಟವಾಗಲಿ ಅಂತ ನಾನೇ ಹೂಂ ಅಂದೆ. ಪೈಪಿನ ನೀರು ಸಂದಿಗೂ ನುಗ್ಗಿತ್ತು ಅಂತ ಕಾಣುತ್ತೆ.

ಶುಕ್ರವಾರ ಬೆಳಗಿನ ಜಾವ ಎಂದಿನಂತೆ ಕಸ ಗುಡಿಸಲು ಹೋದರೆ ಮಂಟಪದ ಒದ್ದೆ ನೆಲದ ಮೇಲೆ ಬಿದ್ದಿದ್ದವು. ಹೆಬ್ಬೆರಳಿನಷ್ಟು ಗಾತ್ರ, ರೆಕ್ಕೆ ಮಡಚಿಕೊಂಡು. ಮುಟ್ಟಿದರೆ ಕಲ್ಲಿನಷ್ಟೇ ತಣ್ಣಗೆ. ಸಿಮೆಂಟು ಕಲಸುತ್ತಿದ್ದ ಮಡಿವಾಳಪ್ಪ ಎದ್ದು ಬಂದು ಒಂದನ್ನು ತಿರುವಿ ನೋಡಿದ. "ಹೋಗ್ಯಾವ್ರೀ ಅಕ್ಕಾರ. ಉಸುರಿಲ್ಲ ಏನಿಲ್ಲ, ಸೆಟದ ಬಿಟ್ಟಾವ" ಅಂದ. ನಾನೂ ಅಂಗೈ ಮೇಲಿಟ್ಟು ನೋಡಿದೆ. ಉಸಿರಾಟ ಕಾಣಲಿಲ್ಲ.

ನಮ್ಮ ಗುಡಿಯ ಪದ್ಧತಿ ನಿನಗೆ ಗೊತ್ತಲ್ಲ. ಪ್ರಾಕಾರದೊಳಗೆ ಯಾವ ಜೀವ ಸತ್ತರೂ ಅದನ್ನು ಮಣ್ಣು ಮಾಡುವವರೆಗೆ ದೇವರಿಗೆ ನೀರು ಹಾಕುವಂತಿಲ್ಲ. ಧನುರ್ಮಾಸದ ಪೂಜೆಯೋ, ಸೂರ್ಯ ಹುಟ್ಟುವ ಮೊದಲೇ ಮುಗಿಯಬೇಕು. ಅಯ್ನೋರು ಶಿವಶಂಕರಯ್ಯ ಬಾಗಿಲಲ್ಲೇ ನಿಂತು, "ಬೇಗ ಮುಗ್ಸಮ್ಮ ರತ್ನ, ಮಂಗಳಾರತಿ ತಪ್ಪೋಗುತ್ತೆ. ನೀನಾದ ಮೇಲೇನೇ ನಾನು ಗಂಟೆ ಮುಟ್ಟೋದು" ಅಂದರು. ಬಿಲ್ವದ ಮರದ ಬುಡದಲ್ಲಿ ಮಡಿವಾಳಪ್ಪನ ಕೈಲಿ ಗುಂಡಿ ತೋಡಿಸಿದೆ. ನಾಯಿ ಎಳೆಯಬಾರದು ಅಂತ ಮೊಳ ಆಳ ಇರಲಿ ಅಂದೆ. ಒಂದೊಂದಕ್ಕೂ ಅರಿಶಿನದ ನೀರು ಚಿಮುಕಿಸಿ, ಬಿಲ್ವದ ಎಲೆ ಹೊದಿಸಿ, ಶಿವ ಶಿವ ಅನ್ನುತ್ತಾ ಸಾಲಾಗಿ ಮಲಗಿಸಿದೆ. ಹಾಲು ಬಿಟ್ಟೆ. ಮಣ್ಣು ಎಳೆದು ತುಳಿದೆ. ಕತ್ತಲಲ್ಲಿ ನನಗೆ ಸಿಕ್ಕಿದ್ದು ಹದಿಮೂರು.

ಹದಿನಾಲ್ಕನೆಯದು ಪೂಜೆ ಮುಗಿದ ಮೇಲೆ ಸಿಮೆಂಟಿನ ಚೀಲದ ಹಿಂದೆ ಕಂಡಿತು. ಅದನ್ನೆತ್ತಿ ಮೆಟ್ಟಿಲ ಮೇಲಿಟ್ಟು, ಹುಗ್ಗಿ ಹಂಚಿ ಬಂದು ಹೂಳೋಣ ಅಂದುಕೊಂಡೆ. ಕತ್ತಿಗೆ ಕಾರ್ಡು ನೇತುಹಾಕಿಕೊಂಡ ಆಫೀಸಿನ ಹುಡುಗರು ದೊನ್ನೆ ಹಿಡಿದು ನಿಂತಿದ್ದರು. ಹಂಚಿ ಬರುವಷ್ಟರಲ್ಲಿ ಎದುರಿನ ಅಪಾರ್ಟ್‌ಮೆಂಟಿನ ಸಂದಿನಿಂದ ಬಿಸಿಲು ಮೆಟ್ಟಿಲಿಗೆ ಬಿದ್ದಿತ್ತು. ಅದು ನಡುಗುತ್ತಿತ್ತು ವೇಣಿ. ಜ್ವರ ಬಂದ ಮಗುವಿನ ಹಾಗೆ ಮೈಯೆಲ್ಲ ಅದುರುತ್ತಿತ್ತು. ಕಣ್ಣು ಬಿಟ್ಟಿತು. ನಾನು ಅಲ್ಲೇ ಕುಕ್ಕರಿಸಿ ನೋಡುತ್ತಿದ್ದೆ. ಅರ್ಧ ಗಂಟೆಗೆ ಮೈ ಬಿಸಿಯಾಗಿ, ನನ್ನ ತಲೆಯ ಮೇಲೆ ಒಂದು ಸುತ್ತು ಹಾರಿ, ಕೆರೆಯ ಕಡೆ ಹೋಯಿತು.

ಆಗ ನಿನ್ನ ಮಾತು ನೆನಪಾಯಿತು. ಕಾಡಿಗೆ ಹೊರಡುವ ಹಿಂದಿನ ದಿನ, ನಾನು ಅವರೆಕಾಳು ಹಿದುಕುತ್ತಾ ಕೂತಿದ್ದಾಗ ನೀನು ಹೇಳಿದ್ದೆ. ಚಳಿಗೆ ಹುಳ ಸಿಗದಿದ್ದರೆ ಅವು ಮೈಯ ಬಿಸಿಯನ್ನೇ ಆರಿಸಿಬಿಡುತ್ತವೆ, ಎದೆಬಡಿತ ಇದೆಯೋ ಇಲ್ಲವೋ ಅನ್ನುವಷ್ಟು ನಿಧಾನವಾಗುತ್ತದೆ, ಮುಟ್ಟಿದರೆ ಹೆಣ ಅನ್ನಿಸುತ್ತದೆ, ಬಿಸಿಲು ಬೀಳುವ ತನಕ ಏನೂ ಮಾಡಬೇಡ ಅಂದಿದ್ದೆ. ಮಂಜಿನ ದೇಶಗಳಲ್ಲಿ ಅಳಿಲಿನ ಜಾತಿಯವು ತಿಂಗಳುಗಟ್ಟಲೆ ಬಿಲದಲ್ಲಿ ಹೀಗೇ ಇರುತ್ತವೆ ಅಂದೆ. ಉಣ್ಣೋ ಚಿಂತೆ ಇಲ್ಲ, ಪುಣ್ಯವಂತವು ಅಂತ ನಾನು ನಕ್ಕಿದ್ದೆ.

ಓಡಿ ಹೋಗಿ ಕೈಯಲ್ಲೇ ಬಗೆದೆ. ಮಡಿವಾಳಪ್ಪ ಕರಣೆ ತಂದ. ಹದಿಮೂರನ್ನೂ ತಟ್ಟೆಯಲ್ಲಿ ಹರಡಿ ಬಿಸಿಲಿಗಿಟ್ಟೆ, ಅಂಗೈಯಲ್ಲಿ ಉಜ್ಜಿದೆ, ಊದಿದೆ. ಸೆರಗಿನೊಳಗೆ ಎದೆಗೆ ಒತ್ತಿಕೊಂಡು ಮಧ್ಯಾಹ್ನದವರೆಗೆ ಕೂತೆ. ಯಾವುದೂ ನಡುಗಲಿಲ್ಲ. ಕೆಲವು ನಾನು ಮಲಗಿಸಿದ ಹಾಗೇ ಇರಲಿಲ್ಲ, ಮಗ್ಗುಲು ತಿರುಗಿದ್ದವು. ಎರಡರ ಬಾಯಲ್ಲಿ ಮಣ್ಣಿತ್ತು. ಮಡಿವಾಳಪ್ಪ, "ಸಾಕ್ ಬಿಡ್ರಿ ಅಕ್ಕಾರ, ತಿಳೀದ ಆಗಿದ್ದು" ಅಂದ. ಆ ಗುಂಡಿಯಲ್ಲೇ ಮತ್ತೆ ಹೂತೆವು. ಈ ಸಲ ನಾನು ಯಾವ ನಾಮವನ್ನೂ ಹೇಳಲಿಲ್ಲ.

ಸೋಮವಾರ ಜೆಸಿಬಿ ಬಂತು. "ಬಾವಲಿ ಇರೋತನಕ ಅಂತ ತಾನೇ ಮಾತು? ಎಲ್ಲಿ ತೋರಿಸು" ಅಂದ ಪಾಪಯ್ಯಣ್ಣ. ಏನು ತೋರಿಸಲಿ. ಸಂಜೆಯೊಳಗೆ ಮಂಟಪ ಹೋಯಿತು. ಹಾರಿಹೋದ ಆ ಒಂದು ವಾಪಸು ಬಂತೋ ಇಲ್ಲವೋ ಗೊತ್ತಿಲ್ಲ. ಬಂದಿದ್ದರೂ ಹೊಗಲು ಸಂದಿಲ್ಲ.

ನೀನು ಫೆಬ್ರವರಿಯಲ್ಲಿ ಬಂದು ಎಣಿಸಲು ಇಲ್ಲಿ ಏನೂ ಉಳಿದಿಲ್ಲ. ನಿನ್ನ ಮೇಡಂಗೆ ಈಗಲೇ ಹೇಳಿಬಿಡು. ಯಾರು ಮಾಡಿದ್ದು ಅಂತ ಕೇಳಿದರೆ ನನ್ನ ಹೆಸರೇ ಹೇಳು. ಕ್ಷಮಿಸು ಅಂತ ಬರೆಯಲು ಎರಡು ಸಲ ಹೊರಟೆ, ಕೈಬಿಟ್ಟೆ. ಕ್ಷಮಿಸಬೇಕಾದವು ಮಣ್ಣಿನಲ್ಲಿವೆ. ನಿನ್ನ ಎರಡು ವರ್ಷ ಹೋಯಿತು, ಅದನ್ನು ಹಿಂದಕ್ಕೆ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಸ್ವೆಟರು ಹಾಕಿಕೋ, ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಕಾಡಿಗೆ ಹೋಗಬೇಡ.

ನಿನ್ನ ಅಮ್ಮ,
ಮುನಿರತ್ನ

ಇನ್ನೊಂದು ಮಾತು: ಲಕೋಟೆ ಅಂಟಿಸಿಯಾಗಿತ್ತು, ಮತ್ತೆ ಬಿಚ್ಚಿದೆ. ಬಿಸಿಲಲ್ಲಿ ಅದು ನಡುಗಿದ ಮೇಲೆ ನಿನ್ನ ಮಾತು ನೆನಪಾಯಿತು ಅಂತ ಬರೆದದ್ದು ನಿಜವಲ್ಲ. ಗುಂಡಿಯಲ್ಲಿ ಕೊನೆಯದನ್ನು ಇಡುವಾಗ ಅದರ ಕಾಲು ನನ್ನ ಬೆರಳನ್ನು ಹಿಡಿದುಕೊಂಡಿತು. ತುಂಬ ನಿಧಾನವಾಗಿ ಹಿಡಿಯಿತು. ನೀನು ಹೇಳಿದ್ದೆಲ್ಲ ಆಗಲೇ ನೆನಪಿಗೆ ಬಂತು. ಮೂಡಣ ಬೆಳ್ಳಗಾಗುತ್ತಿತ್ತು, ಅಯ್ನೋರು ಆಯ್ತೇನಮ್ಮ ಅಂತ ಕೂಗಿದರು. ಆಯ್ತು ಅಂದೆ. ಬೆರಳು ಬಿಡಿಸಿಕೊಂಡು ಮಣ್ಣು ಎಳೆದೆ.