ಕೊನೆಯ ಸಾಲಿನ ಹೆಸರು

ವಾಡಿ, ಕಲ್ಲುಗಣಿಯ ಟೈಮ್ ಆಫೀಸು
ಮಂಗಳವಾರ ಸಂಜೆ, ಮಾರ್ಚ್ ೧೯೮೮

ಚಿಂಚೋಳಿಯ ಚಿಗವ್ವನ ಮನೆಗೆ ಹೆರಿಗೆಗೆ ಹೋಗಿರುವ ಮಗಳು ಪೀರಮ್ಮನಿಗೆ ಅಪ್ಪನ ಆಶೀರ್ವಾದ.

ಅದಕ್ಕೇ ಭಾನುವಾರ ನಿನ್ನ ಹತ್ತಿರ ಬರಲಿಲ್ಲ, ಆಫೀಸಿನ ಈ ಹೊಸ ಯಂತ್ರಕ್ಕಾಗಿ. ನಿನ್ನೆ ಪೋಸ್ಟ್ ಆಫೀಸಿನ ಫೋನಿನಲ್ಲಿ ಇಷ್ಟು ಹೇಳುವಷ್ಟರಲ್ಲಿ ಲೈನು ಕಡಿಯಿತು. ನೀನು ಸಿಟ್ಟಿನಿಂದ ಇಟ್ಟೆಯೋ, ತಾನಾಗಿ ಕಡಿಯಿತೋ ತಿಳಿಯಲಿಲ್ಲ. ನಿನ್ನವ್ವನಾಗಿದ್ದರೆ ಸಿಟ್ಟೇ ಎಂದು ಖಾತ್ರಿ ಇರುತ್ತಿತ್ತು. ನಿನ್ನ ಗಂಡ ಆರಾಮಿದ್ದಾನೆ, ಕೆಮ್ಮು ಭಾಳ ಕಡಿಮೆಯಾಗಿದೆ. ಅವನ ಚಿಂತೆ ಬಿಡು.

ನನ್ನ ಮೇಜಿನ ಮೇಲಿದ್ದ ಹಸಿರು ಅಕ್ಷರದ ಹಳೆಯ ಟರ್ಮಿನಲ್, ಗಾಜಿನ ಪರದೆಯ ಆ ಪೆಟ್ಟಿಗೆ, ನಿನಗೆ ನೆನಪಿರಬೇಕು. ನಿನ್ನವ್ವ ಊಟದ ಡಬ್ಬಿ ತಂದಾಗ ಅದರ ಗಾಜಿನಲ್ಲಿ ಮುಖ ನೋಡಿಕೊಂಡು ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು. ಅದು ಕೆಟ್ಟು ಹೋಯಿತು. ಈಗ ಅದರ ಜಾಗದಲ್ಲಿ ಹೊಸ ಕಂಪ್ಯೂಟರ್ ಇಟ್ಟು, ಅದರೊಳಗೆ ಒಂದು ಪ್ರೋಗ್ರಾಮು ಹಾಕಿದ್ದಾರೆ. ಆ ಪ್ರೋಗ್ರಾಮಿನ ಕೆಲಸ ಹಳೆಯ ಟರ್ಮಿನಲ್ಲಿನ ವೇಷ ಕಟ್ಟುವುದು. ಸಿಮೆಂಟು ಫ್ಯಾಕ್ಟರಿಯಲ್ಲಿರುವ ದೊಡ್ಡ ಕಂಪ್ಯೂಟರ್ ಇದನ್ನು ಹಳೆಯದೇ ಎಂದು ನಂಬಿ ಮಾತಾಡುತ್ತದೆ. ನಮ್ಮ ಓಣಿಗೆ ಬಹುರೂಪಿ ಪೋಲೀಸನ ವೇಷದಲ್ಲಿ ಬಂದಾಗ ನೀನು ನನ್ನ ಹಿಂದೆ ಅಡಗುತ್ತಿದ್ದೆಯಲ್ಲ, ಹಾಗೆ.

ಗಣಿಯಲ್ಲಿ ಬಂಡೆ ಸಿಡಿಸಲು ಮದ್ದು ಹಾರಿಸುವುದು ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ. ಗಣಿಗೆ ಇಳಿದ ಒಬ್ಬೊಬ್ಬನ ಹೆಸರೂ ಪರದೆಯ ಮೇಲೆ ಒಂದೊಂದು ಸಾಲಿನಲ್ಲಿ ಇರುತ್ತದೆ. ಅವನು ಹೊರಗೆ ಬಂದು ಗೇಟಿನಲ್ಲಿ ತನ್ನ ನಂಬರಿನ ಬಿಲ್ಲೆ ಕೊಟ್ಟರೆ ಆ ಸಾಲು ಅಳಿಯುತ್ತದೆ. ಎಲ್ಲ ಸಾಲೂ ಖಾಲಿಯಾದ ಮೇಲೆ ನಾನು ಫೋನಿನಲ್ಲಿ ‘ಸಾಫ್’ ಅನ್ನಬೇಕು. ಗಣಿಯ ದಂಡೆಯಲ್ಲಿರುವ ಬಂದೇಅಲಿ ಗುಂಡಿ ಒತ್ತುತ್ತಾನೆ. ಎಲ್ಲರಿಗಿಂತ ಕೊನೆಗೆ ಇಳಿಯುವವನು ಕೆಂಪು ಬಾವುಟ ಹಿಡಿದ ಜಂಡಾದವನು. ಆಡು ಮೇಯಿಸುವವರು, ಕಟ್ಟಿಗೆ ಆಯುವವರು ಒಳಗಿದ್ದರೆ ಅವರನ್ನು ಹೊರಗೆ ಕಳಿಸುವುದು ಅವನ ಕೆಲಸ. ಆದ್ದರಿಂದ ಪರದೆಯ ತೀರ ತಳದ ಸಾಲು ಯಾವಾಗಲೂ ಅವನ ಹೆಸರಿಗೇ ಮೀಸಲು.

ಹೊಸ ಪ್ರೋಗ್ರಾಮು ಆ ತಳದ ಸಾಲನ್ನು ತನಗೆಂದು ಇಟ್ಟುಕೊಂಡಿತ್ತು. ಅಲ್ಲಿ ಒಂದು ಬಿಳಿ ಪಟ್ಟಿ ಎಳೆದು ಗಡಿಯಾರ ತೋರಿಸುತ್ತಿತ್ತು. ಹೆಸರು ಅದರ ಕೆಳಗೆ ಮುಚ್ಚಿಹೋಗುತ್ತಿತ್ತು. ನನಗೆ ಅದು ಗೊತ್ತಿರಲಿಲ್ಲ.

ಹೋದ ಶುಕ್ರವಾರ ಪರದೆ ಖಾಲಿ ಕಂಡಿತು, ‘ಸಾಫ್’ ಅಂದೆ. ಬಂದೇಅಲಿಗೆ ಹಳೆಯ ಚಟವಿದೆ. ಗುಂಡಿ ಒತ್ತುವ ಮುಂಚೆ ದಂಡೆಯಲ್ಲಿ ನಿಂತು ‘ಯಾರರೆ ಅದೀರೇನು’ ಎಂದು ಕೂಗುತ್ತಾನೆ. ಹೊಸ ಸಾಹೇಬರು, ಸೈರನ್ ಇದೆ, ಕಂಪ್ಯೂಟರ್ ಇದೆ, ಸಂತೆಯಲ್ಲಿ ಕೂಗಿದಂತೆ ಕೂಗುವುದೇಕೆ ಎಂದು ಬೈದಿದ್ದರು. ಆದರೂ ಅವತ್ತು ಕೂಗಿದ. ಕೆಳಗಿಂದ ಉತ್ತರ ಬಂತು: ‘ಚಾಚಾ, ಜರಾ ತಡೀ, ಆಡಿನ ಕಾಲು ಸಿಕ್ಕೊಂಡಾದ.’

ಜಂಡಾದವನ ದನಿ. ಕಲ್ಲು ಒಡೆಯುವ ಯಂತ್ರ ಅವತ್ತು ಕೆಟ್ಟು ನಿಂತಿದ್ದರಿಂದ ಕೇಳಿಸಿತು. ಅದು ನಡೆದಿದ್ದರೆ ಕೇಳಿಸುತ್ತಿರಲಿಲ್ಲ.

ಬಂದೇಅಲಿ ಆಮೇಲೆ ಆಫೀಸಿಗೆ ಬಂದು ನನ್ನ ಎದುರು ಕೂತ. ‘ಶಿವರಾಯಾ, ನಿನ್ನ ಸಾಫ್ ಭಾಳ ಸಾಫ್ ಇತ್ತಪಾ. ಆಡು ಸೈತ ಉಳೀತಿದ್ದಿಲ್ಲ’ ಅಂದ. ನಗಿಸಲಿಕ್ಕೆ ಅಂದಿದ್ದ. ನಾನು ಎದ್ದು ಸಾಹೇಬರ ಹತ್ತಿರ ಹೋದೆ.

ಸಾಹೇಬರು ನಾನು ಹೇಳಿದ್ದನ್ನು ಕೇಳಿ, ಪ್ರೋಗ್ರಾಮು ಮಾಡಿದ ಬೊಂಬಾಯಿಯ ಕಂಪನಿಗೆ ಬರೆದರು. ಉತ್ತರ ಬರುವ ತನಕ ಪ್ರೋಗ್ರಾಮು ಮುಟ್ಟಕೂಡದು, ಕೆಲಸವೂ ನಿಲ್ಲಕೂಡದು ಎಂದರು. ಕಾಲೇಜಿನಲ್ಲಿ ನಮಗೊಂದು ಇಂಗ್ಲಿಷ್ ಮಾತು ಕಲಿಸಿದ್ದರು, ಲುಕ್ ಬಿಫೋರ್ ಯು... ಮುಂದೆ ಜಿಗಿಯುವುದೇನೋ ಇತ್ತು. ನಾನು ನೋಡಿದೆ, ಜಿಗಿದೂಬಿಟ್ಟೆ. ಭಾನುವಾರವಿಡೀ ಇಲ್ಲಿ ಕೂತು ಪ್ರೋಗ್ರಾಮಿನ ಹೊಟ್ಟೆ ಬಿಚ್ಚಿ ಓದಿದೆ. ಒಳಗೆ ಬರೀ ಅಂಕಿ. ಯಂತ್ರದ್ದು ನಮ್ಮ ಹತ್ತರ ಲೆಕ್ಕವಲ್ಲ, ಹದಿನಾರರ ಲೆಕ್ಕ. ಪುಸ್ತಕದಲ್ಲಿ ಅದನ್ನು ಓದಿ ತಲೆ ಕೆಟ್ಟಿತ್ತು. ಆಮೇಲೆ ನಮ್ಮ ಹಳೆಯ ರೂಪಾಯಿ ನೆನಪಾಯಿತು, ಹದಿನಾರಾಣೆಗೆ ಒಂದು. ಪರದೆಯಲ್ಲಿರುವುದು ಇಪ್ಪತ್ತೈದು ಸಾಲು, ಪ್ರೋಗ್ರಾಮು ನಮಗೆ ಬಿಟ್ಟದ್ದು ಇಪ್ಪತ್ನಾಲ್ಕು, ಅಂದರೆ ಒಂದು ರೂಪಾಯಿ ಎಂಟಾಣೆ. ಹಾಗಾದರೆ ಅದರ ಹೊಟ್ಟೆಯಲ್ಲಿ ಒಂದು, ಎಂಟು ಎಂದು ಬರೆದಿರಬೇಕು. ಅದನ್ನು ಒಂದು, ಒಂಬತ್ತು ಮಾಡಿದರೆ ತಳದ ಸಾಲು ನಮ್ಮದಾಗುತ್ತದೆ, ಪಟ್ಟಿಗೆ ಜಾಗ ಉಳಿಯುವುದಿಲ್ಲ.

ಒಂದು, ಎಂಟು ಎಷ್ಟೋ ಕಡೆ ಇತ್ತು. ಮೊದಲು ತಿದ್ದಿದ್ದು ತಪ್ಪಿ ಅಕ್ಷರಗಳೆಲ್ಲ ಬಲಕ್ಕೆ ಜಾರಿ ಗುಡ್ಡೆ ಬಿದ್ದವು. ತಿದ್ದುತ್ತಿದ್ದದ್ದು ನಕಲಿನಲ್ಲಿ, ಮೂಲ ಫ್ಲಾಪಿ ಬೇರೆ ಇಟ್ಟಿದ್ದೇನೆ. ಇವತ್ತು ಮಧ್ಯಾಹ್ನ ಊಟ ಬಿಟ್ಟು ಕೂತಾಗ ಸರಿಯಾದದ್ದು ಸಿಕ್ಕಿತು. ಬಿಳಿ ಪಟ್ಟಿ ಹೋಯಿತು.

ಈಗ ಸೈರನ್ ಆಗಿ ಭಾಳ ಹೊತ್ತಾಯಿತು. ಮೇಲಿನ ಸಾಲುಗಳೆಲ್ಲ ಖಾಲಿ. ತಳದ ಸಾಲಿನಲ್ಲಿ ಹೆಸರು ಹಾಗೇ ಇದೆ. ಕಲ್ಲಿನ ಯಂತ್ರ ಭೋರ್ಗರೆಯುತ್ತಿದೆ, ಬಂದೇಅಲಿ ಕೂಗಿದರೂ ಉಪಯೋಗವಿಲ್ಲ. ಕೈ ಸುಮ್ಮನಿರಲಿ ಎಂದು ನಿನಗೆ ಬರೆಯುತ್ತಿದ್ದೇನೆ.

ಈಗಷ್ಟೇ ಬಂದೇಅಲಿಯ ಫೋನು ಬಂದಿತ್ತು. ‘ಸಾಫ್ ಏನಪಾ?’

ಇಲ್ಲ, ಜಂಡಾದವ ಒಳಗಿದ್ದಾನೆ ಅಂದೆ.

‘ಅವ ಹೊರಗ ಹೋಗಿದ್ದು ನೋಡೀನಿ ಅಂತ ಗೇಟಿನವ ಅನ್ನಾಕತ್ತಾನ. ಬಿಲ್ಲೆ ಎಲ್ಲಾ ಒಂದ ಡಬ್ಬಿದಾಗ ಬಿದ್ದಾವ, ಅವಂದು ಅದನೋ ಇಲ್ಲೋ ತಿಳಿಯವಲ್ದು.’

ಪೀರಮ್ಮಾ, ಈಗ ಯಾವುದನ್ನು ನಂಬಲಿ? ಗೇಟಿನವನ ಕಣ್ಣು ಸುಳ್ಳೋ, ನಾನು ತಿದ್ದಿದ್ದು ಸುಳ್ಳೋ? ಅಂಕಿ ತಪ್ಪಿದ್ದರೆ ಅಳಿಯಬೇಕಾದ ಸಾಲು ಅಂಟಿಕೊಂಡು ನಿಂತರೂ ನಿಂತೀತು.

ಸಾಹೇಬರು ಬಂದು ನನ್ನ ಹಿಂದೆ ನಿಂತಿದ್ದಾರೆ. ಬಿಳಿ ಪಟ್ಟಿ ಇಲ್ಲದ್ದನ್ನು ನೋಡಿದರು, ಎಲ್ಲ ತಿಳಿದುಕೊಂಡರು. ಇದು ನಿಮ್ಮ ಕೈಚಳಕ, ಸಾಲು ಅಂಟಿಕೊಂಡಿದೆ, ಗೇಟಿನವನು ಕಣ್ಣಾರೆ ನೋಡಿದ್ದಾನೆ, ಸಾಫ್ ಅನ್ನಿ ಎಂದರು. ಕತ್ತಲಾದರೆ ಮದ್ದು ಹಾರಿಸುವಂತಿಲ್ಲ, ಮದ್ದು ತುಂಬಿದ ಕುಳಿಗಳನ್ನು ರಾತ್ರಿಯಿಡೀ ಕಾಯಬೇಕು. ಅವರ ಮಾತೂ ಸುಳ್ಳಲ್ಲ.

‘ಅನ್ನಂಗಿಲ್ರಿ’ ಅಂದೆ. ಎಡಗೈ ಫೋನಿನ ಮೇಲೆ ಒತ್ತಿ ಹಿಡಿದಿದ್ದೇನೆ, ಬಲಗೈಯಿಂದ ಬರೆಯುತ್ತಿದ್ದೇನೆ. ನಾಳೆ ನೌಕರಿ ಇರುತ್ತದೋ ಇಲ್ಲವೋ. ಸಾಹೇಬರು ಇನ್ನೂ ಏನೋ ಅನ್ನುತ್ತಿದ್ದಾರೆ, ಇಂಗ್ಲಿಷಿನಲ್ಲಿ. ಅರ್ಧ ತಿಳಿಯುತ್ತದೆ, ಆ ಅರ್ಧ ಬೈಗುಳವೇ.

ಹೆಸರು ಹಾಗೇ ಇದೆ. ನಾನು ಬರೆದ ಸಾಲು ನನಗೇ ಮಸುಕಾಗುತ್ತಿದೆ. ತಲೆ ಎತ್ತಿ ನೋಡಿದರೆ ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ. ಇಲ್ಲಿಗೆ ಪೆನ್ನು ಇಡುತ್ತೇನೆ.

ನಿನ್ನ ಅಪ್ಪ,
ಶಿವರಾಯ

ತಾ.ಕ.: ಸಾಲು ಅಳಿಯಿತು. ಜಂಡಾದವ ಜಾನಬಿಯನ್ನು ಹೆಗಲಿಗೆ ಆನಿಸಿಕೊಂಡು ಮೇಲೆ ಬಂದ. ಕಟ್ಟಿಗೆ ಆಯಲು ಹೋದ ಮುದುಕಿ, ಕಿವಿ ಕೇಳುವುದಿಲ್ಲ, ಕಾಲು ಉಳುಕಿ ಬಂಡೆಯ ಮರೆಯಲ್ಲಿ ಕೂತುಬಿಟ್ಟಿದ್ದಳು. ಗೇಟಿನವ ನೋಡಿದ್ದು ಕೆಂಪು ರುಮಾಲಿನ ಬೇರೆ ಯಾರನ್ನೋ. ಮದ್ದು ಇವತ್ತು ಹಾರಲಿಲ್ಲ. ಸಾಹೇಬರು ಜಾನಬಿಯನ್ನು ನೋಡಿದರು, ನನ್ನ ಕುರ್ಚಿಯಲ್ಲಿ ಕೂತುಬಿಟ್ಟರು.

ಜಂಡಾದವ ಈಗ ನನ್ನ ಮುಂದೆ ಚಹಾ ಕುಡಿಯುತ್ತಿದ್ದಾನೆ. ದೀಪದ ಬೆಳಕಿನಲ್ಲಿ ಈ ಪತ್ರ ಕಸಿದುಕೊಂಡು ಓದಿದ. ‘ಮಾಮಾ, ಎಲ್ಲಾ ಬರದೀರಿ, ನನ್ನ ಹೆಸರೊಂದು ಮುಚ್ಚೀರಿ. ಆ ಬಿಳೀ ಪಟ್ಟಿಗೂ ನಿಮಗೂ ಏನು ಫರಕು?’ ಅಂದ. ಪ್ಯಾಕಿಂಗಿನ ಸಿಮೆಂಟು ಧೂಳಿಗೆ ಅವನ ಕೆಮ್ಮು ನೋಡಲಾರದೆ, ಬಯಲು ಗಾಳಿ ಸಿಗಲಿ ಎಂದು ಈ ಕೆಲಸಕ್ಕೆ ಹಾಕಿಸಿದವನು ನಾನೇ. ದಿನ ತುಂಬಿದ ನಿನಗೆ ಗಾಬರಿಯಾದೀತೆಂದು ಹೇಳಿರಲಿಲ್ಲ.

ತಳದ ಸಾಲಿನಲ್ಲಿ ಇದ್ದ ಹೆಸರು ಅಂಬಾರಾಯ. ನಿನ್ನ ಗಂಡ. ಭಾನುವಾರ ಇಬ್ಬರೂ ಬರುತ್ತೇವೆ.