ಹಿಡಿಯದ ಕನ್ನಡಿ

ಮಾರ್ಚ್ ೧೧, ಮಂಗಳವಾರ

ಕೀಮೋ ಮುಗಿದ ಮೇಲೆ ಇವತ್ತೇ ಮೊದಲು, ನನ್ನದೇ ಪಾರ್ಲರಿನಲ್ಲಿ ಗಿರಾಕಿಯ ಕುರ್ಚಿಯಲ್ಲಿ ಕೂತೆ. ಎಳೆಮಗುವಿನಂಥ ಕೂದಲು, ಹೇರ್‌ಪಿನ್ ಕೂಡ ನಿಲ್ಲುವುದಿಲ್ಲ. ನನ್ನ ಬಳಿಯೇ ಕೆಲಸ ಕಲಿತ ನಾದಿನಿ ಬೈತಲೆಯನ್ನು ಪಕ್ಕಕ್ಕೆ ಸರಿಸಿ, ಬುಡಕ್ಕೆ ಬಿಸಿಗಾಳಿ ಬಿಟ್ಟು ಉಬ್ಬಿಸಿದಳು.

“ಅತ್ತಿಗೆ, ಈಗ ತುಂಬಿದ ಹಾಗೆ ಕಾಣ್ತಿದೆ ನೋಡಿ.”

ನಾನು ಕಲಿಸಿದ ಮಾತನ್ನು ನನಗೇ ಒಪ್ಪಿಸಿದಳು, ಕಳ್ಳಿ. ಮುಂದಿನಿಂದ ಚೆನ್ನಾಗಿಯೇ ಇತ್ತು.

ಕೊನೆಗೆ ಎಲ್ಲ ಗಿರಾಕಿಗಳಿಗೂ ಹಿಂದೆ ಕನ್ನಡಿ ಹಿಡಿದು ನೆತ್ತಿ ತೋರಿಸುತ್ತೇವೆ. ನನಗೆ ಹಿಡಿಯಲಿಲ್ಲ, ಸುಮ್ಮನೆ ಹೊದಿಕೆ ಕೊಡವಿದಳು. ಕೇಳುವಷ್ಟು ತ್ರಾಣ ನನಗೂ ಇರಲಿಲ್ಲ.

ಕಾಯಿಲೆಯಿಂದ ಎದ್ದು ಬಂದವರಿಗೆ ಹದಿನೆಂಟು ವರ್ಷ ನಾನೂ ಹೀಗೇ ಕನ್ನಡಿ ಹಿಡಿಯದೆ ಬಿಟ್ಟೆ. ಅದನ್ನು ಕರುಣೆ ಅಂದುಕೊಂಡಿದ್ದೆ. ಅವರೆಲ್ಲ ಥ್ಯಾಂಕ್ಸ್ ಹೇಳಿ, ಬಾಗಿಲ ಬಳಿ ನಿಂತು, ನೆತ್ತಿಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಸಂಜೆಯಿಂದ ನನ್ನ ಕೈ ಅಲ್ಲೇ ಇದೆ.